ಪಿಸಿಒಎಸ್ ಮತ್ತು ಆಹಾರಕ್ರಮ

ಪಾಲಿಸಿಸ್ಟಿಕ್ ಅಂಡಾಶಯ ಸಿಂಡ್ರೋಮ್ ಅಥವಾ ಪಿಸಿಒಎಸ್ ಎಂಬುದು ಮೈನೆರೆದಂದಿನಿಂದ ಮುಟ್ಟು ನಿಲ್ಲುವವರೆಗಿನ ವಯಸ್ಸಿನ ಮಹಿಳೆಯರಲ್ಲಿ ಅತಿ ಸಾಮಾನ್ಯವಾಗಿ ಕಂಡುಬರುವ ಹಾರ್ಮೋನು ಸಂಬಂಧಿ ತೊಂದರೆಯಾಗಿದೆ. ತಿಂಗಳುಗಟ್ಟಲೆ ಮುಟ್ಟು ತಪ್ಪುವುದು, ಗಲ್ಲ ಮತ್ತು ಮೇಲ್ದುಟಿಯ ಮೇಲೆ ಕೂದಲು ಬೆಳೆಯುವುದು, ಮೊಡವೆ, ಗರ್ಭ ನಿಲ್ಲಲು ತಡವಾಗುವುದು ಇದರ ಹೊರಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಶೇ. 10ರಿಂದ 13ರಷ್ಟು ಮಂದಿಗೆ ಈ ತೊಂದರೆಯಿದ್ದು, ಅವರಲ್ಲಿ ಶೇ. 70ರವರೆಗೆ ರೋಗನಿರ್ಣಯವೇ ಆಗಿರುವುದಿಲ್ಲ. ಸಾಮಾನ್ಯವಾಗಿ ಇದನ್ನು ಮುಟ್ಟಿನ ದೋಷವೆಂದೋ ಬಂಜೆತನದ ಕಾರಣವೆಂದೋ ನೋಡಲಾಗುತ್ತದೆಯಾದರೂ, ಇದು ದೇಹವು ಸಕ್ಕರೆ ಮತ್ತು ಕೊಬ್ಬನ್ನು ಬಳಸಿಕೊಳ್ಳುವ ಚಯಾಪಚಯ ಕ್ರಿಯೆಯ ತೊಂದರೆಯೂ ಹೌದು. ಆದ್ದರಿಂದಲೇ ಚಿಕಿತ್ಸೆಯಲ್ಲಿ ಆಹಾರಕ್ಕೆ ಮೊದಲ ಸ್ಥಾನವಿದೆ. ಆ ಆಹಾರ ಯಾವುದಿರಬೇಕೆಂಬ ಪ್ರಶ್ನೆಗೆ ಉತ್ತರವು ಆಯಾ ಸೀಮೆಯ ಊಟದೊಳಗೇ ಸಿಗಬೇಕಾಗುತ್ತದೆ. ಈ ಲೇಖನದಲ್ಲಿ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ಮತ್ತು ಶ್ರೀರಂಗಪಟ್ಟಣ ತಾಲೂಕುಗಳ ಊಟದ ರೂಢಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಹೆಸರು ಮತ್ತು ನಿರ್ಣಯ

1935ರಲ್ಲಿ ಷಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂತಾಲ್ ಎಂಬ ವೈದ್ಯರು ಮುಟ್ಟು ನಿಂತಿದ್ದ, ಅಂಡಾಶಯಗಳು ಹಿಗ್ಗಿದ್ದ ಏಳು ಮಹಿಳೆಯರ ವಿವರಗಳನ್ನು ಪ್ರಕಟಿಸಿದರು. ಬಹುಕಾಲ ಈ ತೊಂದರೆ ಅವರ ಹೆಸರಿನಿಂದಲೇ ಪರಿಚಿತವಾಗಿತ್ತು. ಇಂದಿನ ಹೆಸರಿನಲ್ಲಿರುವ 'ಸಿಸ್ಟ್' ಎಂಬ ಮಾತು ಅನೇಕರನ್ನು ದಾರಿ ತಪ್ಪಿಸಿದೆ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಗೆಡ್ಡೆಗಳೂ ಅಲ್ಲ, ನೀರುಗುಳ್ಳೆಗಳೂ ಅಲ್ಲ. ಪೂರ್ತಿ ಬಲಿಯದೆ ಅರ್ಧಕ್ಕೇ ನಿಂತ ಅಂಡಕೋಶಕಗಳು. 'ಗರ್ಭದಲ್ಲಿ ಗೆಡ್ಡೆಯಿದೆ' ಎಂದು ಮನೆಯವರು ಗಾಬರಿಯಾಗುವುದಕ್ಕೂ, ಗೆಡ್ಡೆ ಕರಗಿಸುವ ಮದ್ದೆಂದು ಏನನ್ನಾದರೂ ಮಾರುವುದಕ್ಕೂ ಈ ತಪ್ಪು ತಿಳಿವಳಿಕೆಯೇ ಎಡೆಮಾಡಿಕೊಡುತ್ತದೆ. ಹೆಸರನ್ನು ಬದಲಿಸಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆಯೊಂದು 2012ರಲ್ಲಿಯೇ ಸಲಹೆ ನೀಡಿತ್ತು.

2003ರ ರಾಟರ್‌ಡ್ಯಾಮ್ ಮಾನದಂಡದಂತೆ, ಕ್ರಮವಾಗಿ ಅಂಡೋತ್ಪತ್ತಿಯಾಗದಿರುವುದು, ಆಂಡ್ರೊಜೆನ್ ಹಾರ್ಮೋನುಗಳ ಹೆಚ್ಚಳ, ಅಂಡಾಶಯದ ವಿಶಿಷ್ಟ ಸ್ವರೂಪ ಎಂಬ ಮೂರರಲ್ಲಿ ಎರಡು ಇದ್ದು, ಥೈರಾಯಿಡ್‌ನಂತಹ ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ ಅದು ಪಿಸಿಒಎಸ್. ಎಳೆಯ ಹುಡುಗಿಯರ ವಿಷಯದಲ್ಲಿ ನಿಯಮ ಬಿಗಿಯಾಗಿದೆ. ಅವರಲ್ಲಿ ಮೊದಲಿನ ಎರಡೂ ಇರಬೇಕು. ಮೈನೆರೆದು ಎಂಟು ವರ್ಷ ತುಂಬುವವರೆಗೆ ಸ್ಕ್ಯಾನಿಂಗ್ ಆಧಾರದ ಮೇಲೆ ತೀರ್ಮಾನಿಸಬಾರದು. ಆ ವಯಸ್ಸಿನಲ್ಲಿ ಅಂಡಾಶಯ ಹಾಗೆ ಕಾಣುವುದು ಸಹಜ. ಹದಿನಾರರ ಹುಡುಗಿಯ ಸ್ಕ್ಯಾನ್ ವರದಿಯಲ್ಲಿ 'ಪಿಸಿಒಡಿ' ಎಂಬ ನಾಲ್ಕಕ್ಷರ ಕಂಡೊಡನೆ ಅವಳನ್ನು ರೋಗಿಯೆಂದು ಕರೆಯುವ ರೂಢಿಗೆ ಈ ಮಾನದಂಡದಲ್ಲಿ ಬೆಂಬಲವಿಲ್ಲ.

ಯಾವ ಮಾನದಂಡ ಬಳಸಲಾಯಿತು ಎಂಬುದರ ಮೇಲೆ ಸಂಖ್ಯೆಗಳು ಬಹಳ ಬದಲಾಗುತ್ತವೆ. ಭಾರತದ ಹಲವು ಭಾಗಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 1990ರ ಹಳೆಯ ಅಮೆರಿಕನ್ ಮಾನದಂಡದ ಪ್ರಕಾರ ಶೇ. 7.2ರಷ್ಟು, ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಶೇ. 19.6ರಷ್ಟು ಮಹಿಳೆಯರಲ್ಲಿ ಪಿಸಿಒಎಸ್ ಕಂಡುಬಂದಿತು.

ಇನ್ಸುಲಿನ್‌ನ ಪಾತ್ರ

ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯನ್ನು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಒಳಗೆ ತೆಗೆದುಕೊಳ್ಳುವಂತೆ ಮಾಡುವುದು ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್. ಪಿಸಿಒಎಸ್ ಇರುವ ಬಹುಪಾಲು ಮಹಿಳೆಯರಲ್ಲಿ, ತೆಳ್ಳಗಿರುವವರನ್ನೂ ಒಳಗೊಂಡು, ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದನ್ನು ಇನ್ಸುಲಿನ್ ಪ್ರತಿರೋಧವೆನ್ನುತ್ತಾರೆ. ಕೊರತೆಯನ್ನು ತುಂಬಲು ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ತೊಡಕು ಶುರುವಾಗುವುದು ಇಲ್ಲಿಯೇ. ಸ್ನಾಯುಗಳು ಇನ್ಸುಲಿನ್‌ಗೆ ಕಿವುಡಾಗಿದ್ದರೂ ಅಂಡಾಶಯ ಕಿವುಡಾಗಿರುವುದಿಲ್ಲ. ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಟೆಸ್ಟೋಸ್ಟೆರಾನ್‌ನಂತಹ ಆಂಡ್ರೊಜೆನ್‌ಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಜೊತೆಗೆ ಈ ಹಾರ್ಮೋನುಗಳನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆ ಮಾಡುತ್ತದೆ. ಹೀಗೆ ಆಂಡ್ರೊಜೆನ್ ಹೆಚ್ಚು ಹುಟ್ಟುತ್ತದೆ. ಹುಟ್ಟಿದ್ದರಲ್ಲಿ ಹೆಚ್ಚಿನ ಭಾಗ ಕಟ್ಟಿಲ್ಲದೆ ಓಡಾಡುತ್ತದೆ. ಮುಟ್ಟು ತಪ್ಪುವುದಕ್ಕೂ ಗಲ್ಲದ ಮೇಲಿನ ಕೂದಲಿಗೂ ತಟ್ಟೆಯಲ್ಲಿರುವ ಅನ್ನಕ್ಕೂ ಇರುವ ನಂಟು ಇದೇ.

ಇನ್ಸುಲಿನ್ ಹೆಚ್ಚಿರುವುದಕ್ಕೆ ಬರಿಗಣ್ಣಿಗೆ ಕಾಣುವ ಒಂದು ಗುರುತು ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಿನ ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗುವುದು. ಇದನ್ನು ಕೊಳೆಯೆಂದು ತಿಳಿದು ಸ್ನಾನದ ಮನೆಯಲ್ಲಿ ಕಲ್ಲಿನಿಂದ ಉಜ್ಜಿಸಿಕೊಂಡ ಹುಡುಗಿಯರು ಬಹಳ ಮಂದಿ. ಉಜ್ಜಿದರೆ ಹೋಗುವ ಕಪ್ಪು ಅದಲ್ಲ.

ಚಿಕಿತ್ಸೆಯಿಲ್ಲದೆ ಬಿಟ್ಟರೆ ಇದೇ ಪ್ರತಿರೋಧವು ಮುಂದೆ ಎರಡನೆಯ ಬಗೆಯ ಮಧುಮೇಹ, ಗರ್ಭಿಣಿಯರ ಮಧುಮೇಹ, ಯಕೃತ್ತಿನಲ್ಲಿ ಕೊಬ್ಬು, ಅಧಿಕ ರಕ್ತದೊತ್ತಡ, ಹೃದ್ರೋಗಗಳ ಸಂಭವವನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ಮುಟ್ಟು ಸರಿಯಾಗಿ ಆಗದಿದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಸಂಭವವೂ ಹೆಚ್ಚುತ್ತದೆ.

ಮೈಸೂರು ಅಧ್ಯಯನಗಳು

ಈ ಸೀಮೆಯ ಜನರ ಚಯಾಪಚಯದ ಬಗ್ಗೆ ಇರುವ ಬಹುಮುಖ್ಯ ಮಾಹಿತಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳಿಂದ ಬಂದಿದೆ. ಅಲ್ಲಿ 1934 ಮತ್ತು 1953ರ ನಡುವೆ ಹುಟ್ಟಿದವರನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಗಿದ್ದು ದುಂಡಾಗಿದ್ದವರಲ್ಲಿ ಮತ್ತು ತಾಯಂದಿರ ತೂಕ ಹೆಚ್ಚಾಗಿದ್ದವರಲ್ಲಿ ಮಧುಮೇಹ ಹೆಚ್ಚೆಂದು ತಿಳಿಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೇ ಮಧುಮೇಹ ಹೆಚ್ಚೆಂದು ಇಂಗ್ಲೆಂಡಿನಲ್ಲಿ ಕಂಡಿದ್ದಕ್ಕಿಂತ ಇದು ಬೇರೆಯಾಗಿತ್ತು. ಅದೇ ಆಸ್ಪತ್ರೆಯಲ್ಲಿ 1997ರ ನಂತರ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ ಗರ್ಭಿಣಿಯರ ಪೈಕಿ ಶೇ. 6.2ರಷ್ಟು ಮಂದಿಗೆ ಗರ್ಭಿಣಿಯರ ಮಧುಮೇಹವಿತ್ತು. ಹಾಗೆ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷದ ವೇಳೆಗೇ ಮೈಕೊಬ್ಬು ಮತ್ತು ಇನ್ಸುಲಿನ್ ಉಳಿದ ಮಕ್ಕಳಿಗಿಂತ ಹೆಚ್ಚಾಗಿತ್ತು.

ಇವು ಪಿಸಿಒಎಸ್ ಕುರಿತೇ ನಡೆಸಿದ ಅಧ್ಯಯನಗಳಲ್ಲ. ಆದರೆ ಪಿಸಿಒಎಸ್ ಇರುವ ಮಹಿಳೆಗೆ ಬಸುರಿಯಾದಾಗ ಮಧುಮೇಹ ಬರುವ ಸಂಭವ ಹೆಚ್ಚೆಂಬುದನ್ನು ಇದರೊಡನೆ ಇಟ್ಟು ನೋಡಿದರೆ, ತಾಯಿಯ ಊಟ ಮಗಳ ಆರೋಗ್ಯದ ವಿಷಯವೂ ಆಗುತ್ತದೆ.

ತೂಕದ ಅಳತೆಯಲ್ಲಿಯೂ ಭಾರತೀಯರಿಗೆ ಬೇರೆ ಗೆರೆಯಿದೆ. ಕೈಕಾಲು ಸಣ್ಣಗಿದ್ದು ಹೊಟ್ಟೆಯ ಸುತ್ತ ಕೊಬ್ಬು ಸೇರುವ ಮೈಕಟ್ಟು ಇಲ್ಲಿ ಸಾಮಾನ್ಯವಾದ್ದರಿಂದ, ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕವೆಂದೂ 25 ದಾಟಿದರೆ ಬೊಜ್ಜೆಂದೂ ಪರಿಗಣಿಸುತ್ತಾರೆ. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು. 'ಸಣ್ಣಗಿದ್ದಾಳೆ, ಅವಳಿಗೇನು ಸಕ್ಕರೆ ಕಾಯಿಲೆ' ಎಂಬ ಮಾತು ಈ ಕಾರಣದಿಂದ ನಂಬಲರ್ಹವಲ್ಲ.

ಮಂಡ್ಯ ಸೀಮೆಯ ಊಟ

13ನೇ ಶತಮಾನದ ಹೊಯ್ಸಳ ದೇವಾಲಯಕ್ಕೆ ಹೆಸರಾದ ಹೊಸಹೊಳಲು ಮತ್ತು ಅದರ ಸುತ್ತಲ ಊರುಗಳ ನಿತ್ಯದ ಊಟ ರಾಗಿಮುದ್ದೆ ಮತ್ತು ಸಾರು. ನಾಗಮಂಗಲದಂತಹ ಮಳೆಯಾಶ್ರಿತ ತಾಲೂಕಿನಲ್ಲಿ ಇಂದಿಗೂ ರಾಗಿ ಮತ್ತು ಹುರುಳಿ ಮುಖ್ಯ ಬೆಳೆಗಳು. ನೀರು ಬಂದ ಕಡೆಯಲ್ಲಿ ಚಿತ್ರ ಬದಲಾಯಿತು. ಕೃಷ್ಣರಾಜಸಾಗರದ ಕಾಲುವೆ 1930ರ ದಶಕದಲ್ಲಿ ಮಂಡ್ಯದ ಸುತ್ತ ಭತ್ತ ಮತ್ತು ಕಬ್ಬನ್ನು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಗೊರೂರಿನ ಹೇಮಾವತಿ ಜಲಾಶಯದ ನೀರು ಕೃಷ್ಣರಾಜಪೇಟೆಯ ಕಡೆಗೂ ಹರಿಯಿತು. ನೀರಾವರಿ ಬಂದ ಹಳ್ಳಿ ಮತ್ತು ಬಾರದ ಹಳ್ಳಿ ಹೇಗೆ ಬೇರೆಬೇರೆ ದಾರಿ ಹಿಡಿದವೆಂಬುದನ್ನು ಮಂಡ್ಯದ ಬಳಿ 1950ರ ದಶಕದಲ್ಲಿ ನೆಲೆಸಿ ಅಭ್ಯಾಸ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1962ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹಬ್ಬಕ್ಕೆ, ನೆಂಟರು ಬಂದಾಗ ಮಾಡುತ್ತಿದ್ದ ಅನ್ನ ದಿನದ ಊಟವಾಯಿತು. 2013ರಲ್ಲಿ ಜಾರಿಗೆ ಬಂದ ಅನ್ನಭಾಗ್ಯ ಯೋಜನೆ ಹಸಿವನ್ನು ತಗ್ಗಿಸಿತು. ಪಾಲಿಷ್ ಮಾಡಿದ ಅಕ್ಕಿಯನ್ನು ಬಡವರ ಮನೆಗೂ ಮುಟ್ಟಿಸಿತು. ಹಳೇ ಮೈಸೂರು ಭಾಗದ ಪಡಿತರದಲ್ಲಿ ರಾಗಿಯನ್ನೂ ಕೊಡುವ ಕ್ರಮ ಬಂದದ್ದು ಈ ದೃಷ್ಟಿಯಿಂದ ಒಳ್ಳೆಯದೇ.

ರಾಗಿಯ ಬಗ್ಗೆ ಮಂಡ್ಯಕ್ಕೆ ಇರುವ ಅಭಿಮಾನಕ್ಕೆ ಕಾರಣವಿದೆ. ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ಇಲ್ಲಿನ ವಿ.ಸಿ. ಫಾರ್ಮಿನಲ್ಲಿ. ಆದರೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿಗೆ ಔಷಧಿಯ ಪಟ್ಟ ಕಟ್ಟುವುದು ಹೆಚ್ಚಾಗಿದ್ದು, ಅದನ್ನು ಅಂಕಿಗಳೊಡನೆ ಹೋಲಿಸಿ ನೋಡುವುದು ಒಳಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 11 ಗ್ರಾಂ ನಾರು, 7 ಗ್ರಾಂ ಪ್ರೋಟೀನು, 364 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 78 ಗ್ರಾಂ ಶರ್ಕರಪಿಷ್ಟ, 3 ಗ್ರಾಂಗಿಂತ ಕಡಿಮೆ ನಾರು, 8 ಗ್ರಾಂ ಪ್ರೋಟೀನು ಇದ್ದು, ಸುಣ್ಣದಂಶ 10 ಮಿಲಿಗ್ರಾಂ ಕೂಡ ಇಲ್ಲ. ನಾರು ಮತ್ತು ಸುಣ್ಣದಂಶದಲ್ಲಿ ರಾಗಿ ಬಹಳ ಮುಂದಿದೆ. ಪಿಷ್ಟದಲ್ಲಿ ವ್ಯತ್ಯಾಸ ದೊಡ್ಡದಲ್ಲ. 100 ಗ್ರಾಂ ಹಿಟ್ಟಿನ ಮುದ್ದೆಗಳು ಎರಡಾದರೆ 130 ಗ್ರಾಂ ಮೀರಿದ ಪಿಷ್ಟ ಒಂದೇ ಹೊತ್ತಿಗೆ ಸೇರುತ್ತದೆ. ಮೇಲೊಂದಿಷ್ಟು ಅನ್ನ-ಮಜ್ಜಿಗೆ ಉಂಡರೆ ಅದೂ ಸೇರಿಕೊಳ್ಳುತ್ತದೆ. ಗದ್ದೆಯಲ್ಲಿ ದಿನವಿಡೀ ನಾಟಿ ಹಾಕಿದವಳಿಗೆ ಇದು ಸರಿಯಾದ ಅಳತೆಯಾಗಿದ್ದಿರಬಹುದು. ಕಾಲೇಜಿನ ಬೆಂಚಿನಲ್ಲೋ ಹೊಲಿಗೆ ಯಂತ್ರದ ಮುಂದೋ ಕೂತು ಬಂದವಳಿಗೆ ಅಲ್ಲ.

ರಾಗಿಯನ್ನು ಯಾವ ರೂಪದಲ್ಲಿ ತಿನ್ನಲಾಗುತ್ತದೆ ಎಂಬುದೂ ಮುಖ್ಯ. ಹೊಟ್ಟು ತೆಗೆದು ಜರಡಿ ಹಿಡಿದ ನುಣ್ಣನೆಯ ಹಿಟ್ಟು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಪೊಟ್ಟಣದಲ್ಲಿ ಬರುವ ರಾಗಿ ಮಾಲ್ಟ್, ಬಿಸ್ಕತ್ತುಗಳಲ್ಲಿ ರಾಗಿಗಿಂತ ಸಕ್ಕರೆ ಅಥವಾ ಮೈದಾ ಹೆಚ್ಚಿರುವುದುಂಟು. ಬೆಲ್ಲ ಕಲಸಿದ ಹುರಿಹಿಟ್ಟು ಕೂಡ ಈ ಲೆಕ್ಕದಲ್ಲಿ ಸಿಹಿತಿಂಡಿಯೇ.

ಈ ಸೀಮೆಯ ಊಟದ ನಿಜವಾದ ಬಲ ಮುದ್ದೆಯ ಪಕ್ಕದಲ್ಲಿದೆ. ಬಸ್ಸಾರಿಗೆ ಕಾಳು ಮತ್ತು ಸೊಪ್ಪನ್ನು ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡುತ್ತಾರೆ. ಬಸಿದುಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಉಪ್ಪುಸಾರಿನದೂ ಹೆಚ್ಚುಕಡಿಮೆ ಇದೇ ಕ್ರಮ. ಹೀಗಾಗಿ ಪ್ರೋಟೀನು ಮತ್ತು ನಾರಿನ ಬಹುಭಾಗ ಇರುವುದು ಪಲ್ಯದಲ್ಲಿ. ಮುದ್ದೆ ಮುಳುಗುವಷ್ಟು ಸಾರು, ತಟ್ಟೆಯ ಅಂಚಿನಲ್ಲಿ ಒಂದು ಚಿಟಿಕೆ ಪಲ್ಯ ಎಂಬುದು ಸಾಮಾನ್ಯ ನೋಟ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿಗೆ ಆ ಚಿಟಿಕೆಯೂ ಉಳಿದಿರುವುದಿಲ್ಲ. ಹೊಟ್ಟೆ ತುಂಬಿಸುವುದು ಮಿಕ್ಕ ಮುದ್ದೆ ಮತ್ತು ತಿಳಿಸಾರು. ಈ ಅಳತೆಯನ್ನು ತಿರುಗಿಸುವುದು, ಅಂದರೆ ಒಂದು ಸಣ್ಣ ಮುದ್ದೆಗೆ ಒಂದು ಬಟ್ಟಲು ಪಲ್ಯ, ಯಾವ ಹೊಸ ಪದಾರ್ಥವನ್ನೂ ಕೊಳ್ಳದೆ ಸಾಧ್ಯವಾಗುವ ಅತ್ಯಂತ ದೊಡ್ಡ ಬದಲಾವಣೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ಅವರೆ, ಅಲಸಂದೆ, ಹೆಸರು ಅದಕ್ಕೆ ಸಮೀಪದಲ್ಲೇ ಇವೆ. ಹೊಲದ ಬದುವಿನ ಬೆರಕೆ ಸೊಪ್ಪಿಗೆ ಖರ್ಚೇ ಇಲ್ಲ. ಮಾಂಸ ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ನಾಟಿಕೋಳಿ ಸಾರಿನ ತುಂಡುಗಳಿಗೂ ಇದೇ ಮಾತು: ಸಾರಿಗಿಂತ ತುಂಡು ಮುಖ್ಯ. ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಗೆ ನೀರುಮಜ್ಜಿಗೆ ಉಳಿಸಿಕೊಳ್ಳುವ ರೂಢಿಯನ್ನೂ ಇಲ್ಲಿ ನೆನೆಯಬಹುದು. ಪಿಸಿಒಎಸ್ ಇರುವವರು ಹಾಲು-ಮೊಸರನ್ನು ಬಿಡಬೇಕೆಂಬ ಪ್ರಚಾರಕ್ಕೆ ಗಟ್ಟಿ ಆಧಾರವಿಲ್ಲ.

ಬೆಲ್ಲದ ವಿಷಯ ಆಲೆಮನೆಗಳ ಜಿಲ್ಲೆಯಲ್ಲಿ ಸೂಕ್ಷ್ಮವಾದದ್ದು. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ. ಬೆಲ್ಲದಲ್ಲಿ ಅಲ್ಪ ಪ್ರಮಾಣದ ಕಬ್ಬಿಣ, ಸುಣ್ಣದಂಶ ಇರುವುದು ನಿಜವಾದರೂ ಅದರ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ. ಇನ್ಸುಲಿನ್‌ನ ದೃಷ್ಟಿಯಿಂದ ಎರಡಕ್ಕೂ ಹೆಚ್ಚಿನ ಭೇದವಿಲ್ಲ. ದಿನಕ್ಕೆ ಐದು ಲೋಟ ಕಾಫಿ-ಟೀ ಕುಡಿದು ಒಂದೊಂದಕ್ಕೂ ಎರಡು ಚಮಚ ಸಿಹಿ ಹಾಕಿಕೊಂಡರೆ 40ರಿಂದ 50 ಗ್ರಾಂ ಆಗುತ್ತದೆ. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 50 ಗ್ರಾಂ. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ವರ್ಷಕ್ಕೆ ಕೆಲವು ಸಲ ಉಣ್ಣುವ ಒಬ್ಬಟ್ಟಿಗಿಂತ ದಿನವೂ ಕಣ್ಣಿಗೆ ಬೀಳದೆ ಒಳಸೇರುವ ಈ ಚಮಚಗಳೇ ಹೆಚ್ಚು ತೂಗುತ್ತವೆ. ಹುಡುಗಿ ಮೈನೆರೆದಾಗ ಕೊಡುವ ಚಿಗಳಿ, ಕೊಬ್ಬರಿ-ಬೆಲ್ಲ, ತುಪ್ಪದ ಬಗ್ಗೆಯೂ ಹೀಗೆಯೇ ಹೇಳಬಹುದು. ಕೆಲವು ದಿನದ ಆ ಉಪಚಾರ ಪಿಸಿಒಎಸ್‌ಗೆ ಕಾರಣವಲ್ಲ.

ಬೆಳಗಿನ ತಿಂಡಿ ಮತ್ತು ಸಂಜೆಯ ಕುರುಕಲಿನಲ್ಲಿ ಹೊಸ ರೂಢಿ ಹೆಚ್ಚು ಕಾಣುತ್ತದೆ. ಚಿತ್ರಾನ್ನ, ಇಡ್ಲಿ, ಬಸ್ ನಿಲ್ದಾಣದ ಬನ್ನು, ಮದ್ದೂರು ವಡೆ ಇವೆಲ್ಲ ಪಿಷ್ಟ ಅಥವಾ ಎಣ್ಣೆಯ ಮೇಲೆಯೇ ನಿಂತವು. ಚಿತ್ರಾನ್ನದ ಜೊತೆ ಕಾಳಿನ ಉಸಲಿ ಅಥವಾ ಮೊಟ್ಟೆ ಸೇರಿದರೆ ಅದೇ ತಿಂಡಿಯ ಪರಿಣಾಮ ಬೇರೆಯಾಗುತ್ತದೆ.

ಮಾರ್ಗಸೂಚಿ ಹೇಳುವುದೇನು

ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2018ರಲ್ಲಿ ಹೊರಬಂದು 2023ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಯಾವುದೇ ಒಂದು ಆಹಾರಕ್ರಮ ಇನ್ನೊಂದಕ್ಕಿಂತ ಮೇಲೆಂದು ತೋರಿಸುವ ಪುರಾವೆ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಕೀಟೋ, ಗ್ಲುಟೆನ್‌ರಹಿತ, ಹೊತ್ತು ಬಿಟ್ಟು ಉಣ್ಣುವ ಕ್ರಮಗಳಿಗೆ ವಿಶೇಷ ಮಹತ್ವವಿಲ್ಲ. ಆಯಾ ಮಹಿಳೆಯ ರುಚಿ, ಸಂಸ್ಕೃತಿ, ಆದಾಯಕ್ಕೆ ಹೊಂದುವ, ಬಹುಕಾಲ ನಡೆಸಿಕೊಂಡು ಹೋಗಬಹುದಾದ ಆಹಾರವೇ ಉತ್ತಮ. ತೂಕ ಹೆಚ್ಚಿರುವವರು ಶೇ. 5ರಿಂದ 10ರಷ್ಟು ಇಳಿಸಿದರೂ ಎಷ್ಟೋ ಮಂದಿಯಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. 70 ಕಿಲೋ ತೂಗುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ತೂಕ ಇಳಿಯದಿದ್ದರೂ ಒಳ್ಳೆಯ ಊಟ ಮತ್ತು ವ್ಯಾಯಾಮದಿಂದ ಪ್ರಯೋಜನವಿದೆ ಎಂಬುದನ್ನು ಮಾರ್ಗಸೂಚಿ ಒತ್ತಿ ಹೇಳುತ್ತದೆ. ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕ, ಊಟದ ಬಗೆಗಿನ ಅಸಹಜ ನಡವಳಿಕೆ ಹೆಚ್ಚಾಗಿರುವುದರಿಂದ ತೂಕದ ಬಗ್ಗೆ ಹಂಗಿಸಿ ಮಾತನಾಡುವುದು ಚಿಕಿತ್ಸೆಗೇ ಅಡ್ಡಿಯಾಗುತ್ತದೆ.

ವಾರಕ್ಕೆ 150ರಿಂದ 300 ನಿಮಿಷದ ಬಿರುಸು ನಡಿಗೆಯಂತಹ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಸ್ನಾಯು ದುಡಿದಾಗ ಇನ್ಸುಲಿನ್‌ನ ನೆರವು ಹೆಚ್ಚು ಬೇಡದೆಯೇ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಹಳ್ಳಿಯ ಹೆಂಗಸರಿಗೆ ಹೊಲದ ಕೆಲಸವೇ ವ್ಯಾಯಾಮವೆನ್ನುವ ಮಾತು ನಾಟಿ, ಕಳೆ, ಕೊಯ್ಲಿನ ದಿನಗಳಿಗೆ ಮಾತ್ರ ಸಲ್ಲುತ್ತದೆ. ವರ್ಷದ ಉಳಿದ ತಿಂಗಳುಗಳಿಗೂ, ಬೆಳಗ್ಗೆ ಬಸ್ ಹಿಡಿದು ಗಾರ್ಮೆಂಟ್ಸ್‌ಗೆ ಹೋಗುವವರಿಗೂ ಅದು ಹೊಂದುವುದಿಲ್ಲ.

ಔಷಧಿಯೊಡನೆ ಆಹಾರ

ಇನ್ಸುಲಿನ್ ಪ್ರತಿರೋಧ ತಗ್ಗಿಸಲು ಮೆಟ್‌ಫಾರ್ಮಿನ್, ಮುಟ್ಟನ್ನು ಕ್ರಮಗೊಳಿಸಲು ಹಾರ್ಮೋನು ಮಾತ್ರೆ, ಮಗು ಬೇಕೆನ್ನುವವರಿಗೆ ಅಂಡೋತ್ಪತ್ತಿಗಾಗಿ ಲೆಟ್ರೊಜೋಲ್ ಬಳಕೆಯಲ್ಲಿವೆ. ಮೆಟ್‌ಫಾರ್ಮಿನ್ ಅನ್ನು ಊಟದೊಡನೆ ತೆಗೆದುಕೊಂಡರೆ ಹೊಟ್ಟೆ ಕೆಡುವುದು ಕಡಿಮೆ. ಬಹುಕಾಲ ಸೇವಿಸಿದರೆ ಬಿ12 ಜೀವಸತ್ವದ ಕೊರತೆಯಾಗಬಹುದು. ಮಾಂಸ-ಮೊಟ್ಟೆ ತಿನ್ನದವರು ಇದನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ಇನೊಸಿಟಾಲ್ ಪುಡಿಗಳು ಅಂಗಡಿಗಳಲ್ಲಿ ದುಬಾರಿಗೆ ಸಿಗುತ್ತವೆಯಾದರೂ ಅವುಗಳ ಪ್ರಯೋಜನಕ್ಕೆ ಪುರಾವೆ ಸೀಮಿತ. ಊಟವಾದೊಡನೆ ಕಾಫಿ-ಟೀ ಕುಡಿದರೆ ಸೊಪ್ಪು-ಕಾಳಿನ ಕಬ್ಬಿಣದಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ತಪಾಸಣೆ

2023ರ ಮಾರ್ಗಸೂಚಿಯಂತೆ ಪಿಸಿಒಎಸ್ ಗೊತ್ತಾದ ಪ್ರತಿ ಮಹಿಳೆಗೂ, ತೂಕ ಎಷ್ಟೇ ಇರಲಿ, ಆಗಲೇ ಸಕ್ಕರೆ ಪರೀಕ್ಷೆ ಮಾಡಬೇಕು. ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಬರಿಹೊಟ್ಟೆಯಲ್ಲಿ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ ಮತ್ತೆ ತೆಗೆಯುವ ಪರೀಕ್ಷೆ ಅತ್ಯಂತ ನಿಖರವಾದದ್ದು. ಬರಿಹೊಟ್ಟೆಯ ಸಕ್ಕರೆ ಸರಿಯಿದ್ದವರಲ್ಲಿಯೂ ಎರಡು ಗಂಟೆಯ ಸಕ್ಕರೆ ಏರಿರುವುದುಂಟು. ಇದರೊಡನೆ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಪರೀಕ್ಷೆಯೂ ಬೇಕು.

ಸರ್ಕಾರದ ಸಾಂಕ್ರಾಮಿಕವಲ್ಲದ ರೋಗಗಳ ತಪಾಸಣಾ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಸಕ್ಕರೆ, ರಕ್ತದೊತ್ತಡದ ವಿಚಾರಣೆ ಮಾಡುತ್ತಾರೆ. ಅದು 30 ವರ್ಷ ತುಂಬಿದವರಿಗೆ. ಹದಿಹರೆಯದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರು ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗಳಲ್ಲಿ ಮುಟ್ಟಿನ ತೊಂದರೆಗೆ ಸಲಹೆ ಪಡೆಯಬಹುದು. 20ರಿಂದ 29ರ ನಡುವಿನ ಮಹಿಳೆ ಬಸುರಿಯಾಗದ ಹೊರತು ಇವೆರಡರ ನಡುವೆ ಬಿದ್ದುಹೋಗುತ್ತಾಳೆ. ಪಿಸಿಒಎಸ್ ಪತ್ತೆಯಾಗುವುದು ಹೆಚ್ಚಾಗಿ ಈ ವಯಸ್ಸಿನಲ್ಲಿಯೇ, ಅದೂ ಮದುವೆಯ ಮಾತುಕತೆಯೋ ಮಗುವಿನ ಪ್ರಶ್ನೆಯೋ ಎದ್ದಾಗ. ಮದುವೆಗೆ ಮುನ್ನ ವಿಷಯ ಹೊರಗೆ ಬೀಳಬಾರದೆಂದು ಮುಚ್ಚಿಡುವುದು, ಮಗುವಾದ ಮೇಲೆ ವಾಸಿಯಾಯಿತೆಂದು ಮರೆಯುವುದು ಎರಡೂ ಸಾಮಾನ್ಯ. ಹೆರಿಗೆಯಿಂದ ಇನ್ಸುಲಿನ್ ಪ್ರತಿರೋಧ ವಾಸಿಯಾಗುವುದಿಲ್ಲ. ಗರ್ಭಿಣಿಯಾಗಿದ್ದಾಗ ಮಧುಮೇಹವಿದ್ದವರು ಹೆರಿಗೆಯಾದ ಆರು ವಾರಗಳ ನಂತರ ಮತ್ತೊಮ್ಮೆ ಗ್ಲೂಕೋಸ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಾಣಂತನಕ್ಕೆ ತವರಿಗೆ ಹೋಗಿರುವ ದಿನಗಳು ಅವು; ತಪ್ಪಿಹೋಗದಿರಲು ಗರ್ಭಿಣಿಯ ತಾಯಿಕಾರ್ಡನ್ನು ತವರೂರಿಗೂ ಒಯ್ದು ಅಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸಬೇಕಾಗುತ್ತದೆ.